ಮಳೆ ಪಿಚ್ಚರಿನ ಹೆಂಗಸು

ಮುಂಬೈ ಹುಡುಗಿ ಊಟದ ಹೊತ್ತಿಗಿಂತ ಮೊದಲೇ ಬಂದುಬಿಡುತ್ತೇನೆ ಎಂದಿದ್ದಳು. ಬೆಳಗಿನ ಚಹಾ ಇನ್ನೂ ಗಂಟಲಿನಿಂದ ಇಳಿದಿರಲಿಲ್ಲ, ದಾಕ್ಷಾಯಿಣಿ ಆಗಲೇ ಎರಡು ಸಲ ಹೊಸ್ತಿಲಿಗೆ ಹೋಗಿ ಗೋಕಾಕದ ಆ ಇಕ್ಕಟ್ಟಿನ ಓಣಿಯ ಈ ತುದಿ ಆ ತುದಿ ನೋಡಿ ಬಂದಳು. ನೋಡುವುದಕ್ಕೆ ಹಾಲಿನವನ ಗಾಡಿ, ಎದುರು ಮನೆಯ ಕಟ್ಟೆಯ ಮೇಲೆ ಬಿಸಿಲು ಕಾಯುತ್ತಿದ್ದ ಬೆಕ್ಕು, ಅಷ್ಟೇ. ಎಪ್ಪತ್ತು ದಾಟಿದವಳು ಹೊಸ ಮದುವಣಗಿತ್ತಿಯ ಹಾಗೆ ಬಾಗಿಲು ಕಾಯುವುದೇನು ಎಂದು ತನ್ನನ್ನು ತಾನೇ ಬೈದುಕೊಂಡಳು. ಫೋನಿನಲ್ಲಿ ಆ ನಂದಿನಿ ಎಂಬ ಹುಡುಗಿ “ಮೂರೂ ಡಬ್ಬಿ ಅದಾವಲ್ರಿ, ಆಯಿ?” ಎಂದು ಕೇಳಿದಾಗ “ಅದಾವು, ಮೂರೂ ಅದಾವು” ಎಂದು ಹೇಳಿಬಿಟ್ಟಿದ್ದಳು. ಪೂರಾ ಸುಳ್ಳೇನಲ್ಲ ಅದು. ಎರಡು ಡಬ್ಬಿ ಇದೇ ಮನೆಯಲ್ಲಿ, ದೇವರ ಕೋಣೆಯ ಸಾಗವಾನಿ ಪೆಟ್ಟಿಗೆಯಲ್ಲಿ ಇದ್ದವು. ಮೂರನೆಯದು ಮೂಡಲಗಿಯಲ್ಲಿ, ಗಂಡನ ಸಿನಿಮಾ ಯಂತ್ರ ತಿರುಗಿಸುತ್ತಿದ್ದ ಬೀರಸಿದ್ದಪ್ಪನ ಹತ್ತಿರ ಇತ್ತು, ಅವನು ಅದನ್ನು ಬಿಸಾಡಿರದಿದ್ದರೆ. ಹನ್ನೊಂದು ವರ್ಷದ ಹಿಂದೆ ಗಂಡ ಅಣ್ಣಪ್ಪ ತೀರಿಕೊಂಡಾಗ ಅವಳೇ ಅದನ್ನು ಮನೆಯಿಂದ ಹೊರಗೆ ಹಾಕಿದ್ದಳು. ಯಾಕೆ ಹಾಕಿದೆ ಎಂಬುದು ಇನ್ನೊಬ್ಬರಿಗೆ ಹೇಳುವಂಥ ಮಾತಾಗಿರಲಿಲ್ಲ.

ಡಬ್ಬಿಗಳಲ್ಲಿ ಇದ್ದದ್ದು ಒಂದು ಫ್ರೆಂಚ್ ಸಿನಿಮಾ. ಕಪ್ಪು ಬಿಳುಪಿನದು. ಕೊಲೆ, ಪೊಲೀಸು, ಬಂದರು, ಮೊದಲಿನಿಂದ ಕೊನೆಯವರೆಗೆ ಮಳೆ. ಅದಕ್ಕೊಂದು ಹೆಸರಿತ್ತು, ಮೂಗಿನಿಂದ ಹೇಳಬೇಕಾದ ಹೆಸರು, ಅವಳ ಬಾಯಿಗೆ ಯಾವತ್ತೂ ಹತ್ತಲಿಲ್ಲ. ಊರವರೆಲ್ಲ ಮಳಿ ಪಿಚ್ಚರ್ ಎಂದೇ ಕರೆದರು. ಅಣ್ಣಪ್ಪನಿಗೆ ಪೇಟೆಯಲ್ಲಿ ಬಟ್ಟೆಯ ಅಂಗಡಿ, ಅಪ್ಪ ಅಜ್ಜ ಕೂತ ಗಾದಿ. ಅದರ ಮೇಲೆ ಕೂತು ಗಜ ಹಿಡಿದು ಅಳೆಯುತ್ತಿದ್ದರೂ ಅವನ ಜೀವವೆಲ್ಲ ಭಾನುವಾರದ ಕಡೆಗೆ. ಎಂಬತ್ತರ ದಶಕದಲ್ಲಿ ನಾಲ್ಕು ಜನ ಮಾಸ್ತರರನ್ನೂ ಮಿಲ್ಲಿನ ಒಂದಿಬ್ಬರು ಕಾರಕೂನರನ್ನೂ ಕೂಡಿಸಿ ಚಿತ್ರ ಬಳಗವೊಂದನ್ನು ಕಟ್ಟಿದ್ದ. ಜಗತ್ತೆಲ್ಲ ರಂಗು ರಂಗಿನ ಕುಣಿತದ ಹಿಂದೆ ಬಿದ್ದಿರುವಾಗ ಇವನು ಯಾರಿಗೂ ಬೇಡವಾದ, ಅವುಗಳ ದೇಶದವರೇ ಮರೆತ ಚಿತ್ರಗಳನ್ನು ಮುಂಬೈಯಿಂದ ಬಸ್ಸಿನ ಟಾಪಿನ ಮೇಲೆ ಹಾಕಿಸಿ ತರಿಸುತ್ತಿದ್ದ. “ಇದನ್ನ ಮಾಡಿದಾಂವ ಮೂರ ಪಿಚ್ಚರ್ ಮಾಡಿ ಸತ್ತ, ದಾಕ್ಷಾಯಿಣಿ. ಅವನ ಊರಾಗ ಅವನ ಹೆಸರ ಹೇಳವರಿಲ್ಲ. ಗೋಕಾಕದಾಗ ನಾ ಅದೇನಿ,” ಎಂದು ಎದೆ ಮುಟ್ಟಿ ಹೇಳುತ್ತಿದ್ದ. ಕಪ್ಪಿನಲ್ಲಿ ಎಷ್ಟು ನಮೂನೆಯ ಕಪ್ಪು ಇವೆ ನೋಡು ಎನ್ನುತ್ತಿದ್ದ. ತೊಯ್ದ ರಸ್ತೆಯ ಕಪ್ಪು ಬೇರೆ, ಕೋಟಿನ ಕಪ್ಪು ಬೇರೆ, ಬಾಗಿಲ ಹಿಂದೆ ನಿಂತವನ ಕಪ್ಪು ಬೇರೆ. ಬಟ್ಟೆ ವ್ಯಾಪಾರಿಯ ಕಣ್ಣು ಅದು, ಕಪ್ಪು ಥಾನುಗಳನ್ನು ಬಿಸಿಲಿಗೆ ಹಿಡಿದು ನೋಡಿದ ಕಣ್ಣು. ಫಿಲಂ ಕಳಿಸುತ್ತಿದ್ದ ಮುಂಬೈ ಕಚೇರಿ ಬಾಗಿಲು ಹಾಕಿಕೊಂಡು, ವಾಪಸು ಮಾಡಿದ ಈ ಚಿತ್ರದ ಪಾರ್ಸಲು ಹಾಗೆಯೇ ತಿರುಗಿ ಬಂದ ದಿನ ಅವನು ಪೇಢೆ ತಂದು ಓಣಿಗೆಲ್ಲ ಹಂಚಿದ. ಮಕ್ಕಳಿಲ್ಲದ ಮನೆಯಿಂದ ಪೇಢೆ ಬಂದದ್ದು ಕಂಡು ಎದುರು ಮನೆಯವಳು “ಏನ್ರಿ ವಿಶೇಷ?” ಎಂದು ಕಣ್ಣರಳಿಸಿ ಕೇಳಿದ್ದಳು. ಡಬ್ಬಿ ಬಂದಾವು ಎಂದು ದಾಕ್ಷಾಯಿಣಿ ಹೇಳಬೇಕಾಯಿತು. ಆ ಮುಜುಗರ ಈಗಲೂ ನೆನೆದರೆ ಕಿವಿ ಬಿಸಿಯಾಗುತ್ತದೆ.

ಮೂರನೆಯ ರೀಲಿನ ಮಾತು ಬಂದರೆ ಮಾತ್ರ ಅಣ್ಣಪ್ಪನ ದನಿಯೇ ಬೇರೆಯಾಗುತ್ತಿತ್ತು. ಅದರಲ್ಲಿ ಒಬ್ಬ ಹೆಂಗಸಿದ್ದಾಳೆ. ಬಂದರಿನಲ್ಲಿ ಅಡಗಿಕೊಂಡ ಕೊಲೆಗಾರನಿಗೆ ತನ್ನ ಮನೆಯ ಕೋಣೆ ಕೊಟ್ಟವಳು. ಅವನು ಕೊಂದದ್ದು ತನ್ನ ಗಂಡನನ್ನೇ ಎಂದು ಅವಳಿಗೆ ಕೊನೆಗೆ ತಿಳಿಯುತ್ತದೆ. ಚೀರುವುದಿಲ್ಲ, ಪೊಲೀಸರ ಹತ್ತಿರ ಓಡುವುದಿಲ್ಲ. ಹಡಗು ಹತ್ತಿ ಹೋಗಲಿರುವ ಅವನ ಅಂಗಿಯನ್ನು ಇಸ್ತ್ರಿ ಮಾಡುತ್ತಾಳೆ. “ಒಂದ ಮಾತಿಲ್ಲ, ಬಾಜಾ ಬಜಂತ್ರಿ ಇಲ್ಲ. ಕಾಲರ್ ಮ್ಯಾಲೆ ಬಂದಾಗ ಕೈ ಒಂದ ಗಳಿಗಿ ನಿಲ್ಲತೈತಿ. ಅಷ್ಟ. ಅಕಿ ಇಡೀ ಜನ್ಮ ಅಷ್ಟರಾಗ ಐತಿ,” ಎಂದು ಅಣ್ಣಪ್ಪ ಊಟದ ತಟ್ಟೆಯ ಮೇಲೆ ಕೈಯಾಡಿಸಿ ತೋರಿಸುತ್ತಿದ್ದ. ರೊಟ್ಟಿ ಆರುತ್ತಿತ್ತು. ಅವಳು ಪಲ್ಯ ಬಡಿಸುತ್ತ ಕೇಳುತ್ತಿದ್ದಳು. ಗಾದಿಗೆ ಒಪ್ಪುವ ಬಿಳಿ ಅಂಗಿಗೆ ಗಂಜಿ ಹಾಕಿ, ಇದ್ದಲಿ ಇಸ್ತ್ರಿಯ ಬೂದಿ ಊದಿ ಊದಿ, ಮದುವೆಯಾದ ವರ್ಷದಿಂದ ಪ್ರತಿ ಬೆಳಿಗ್ಗೆ ಅವಳು ಇಸ್ತ್ರಿ ಮಾಡಿಕೊಟ್ಟಿದ್ದಳು. ಮಣಿಕಟ್ಟಿನ ಒಳಗೆ ಅದರ ಸುಟ್ಟ ಕಲೆ ಇತ್ತು. ಅವನು ಆ ಅಂಗಿಯನ್ನೇ ತೊಟ್ಟು, ಗುಂಡಿ ಹಾಕಿಕೊಳ್ಳುತ್ತ, ಇನ್ನೊಬ್ಬಳ ಇಸ್ತ್ರಿಯನ್ನು ಹೊಗಳುತ್ತಿದ್ದ. ಸವತಿ ಎನ್ನೋಣವೆಂದರೆ ಅವಳು ಗೋಡೆಯ ಮೇಲಿನ ಬೆಳಕು. ಬೆಳಕಿನ ಜುಟ್ಟು ಹಿಡಿದು ಜಗಳಾಡುವುದು ಹೇಗೆ? ಎಷ್ಟು ಚೆಲುವೆಯೋ ಏನೋ ಎಂದು ದಾಕ್ಷಾಯಿಣಿ ಇದ್ದಲಿ ಊದುತ್ತ ಯೋಚಿಸುತ್ತಿದ್ದಳು. ಫ್ರಾನ್ಸಿನವಳು, ಸಿನಿಮಾದವಳು, ಹಾಲಿನ ಕೆನೆಯಂಥ ಮೈಯಿರಬೇಕು, ಉದ್ದನೆಯ ಬೆರಳುಗಳಿರಬೇಕು. ಅಂಥವಳು ಇಸ್ತ್ರಿ ಹಿಡಿದರೆ ಯಾವ ಗಂಡಸು ಕಣ್ಣು ಕೀಳುತ್ತಾನೆ? ಅಷ್ಟು ಚೆಲುವೆಗೆ ಸೋತದ್ದಾದರೆ ಹೋಗಲಿ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಆ ಸಂಸಾರವನ್ನು ದೂಡಿದ್ದಳು.

ಓಣಿಯಲ್ಲಿ ಕಾರು ನಿಂತ ಸದ್ದಾಯಿತು. ಇಳಿದವಳು ಪ್ಯಾಂಟು ತೊಟ್ಟ, ಕೂದಲು ಗಿಡ್ಡ ಕತ್ತರಿಸಿಕೊಂಡ ಹುಡುಗಿ. ಬಾಗಿಲಲ್ಲೇ ಬಗ್ಗಿ ಕಾಲು ಮುಟ್ಟಿ “ನಾ ನಂದಿನಿರಿ. ನಮ್ಮದೂ ಖರೆ ಅಂದ್ರ ಹುಕ್ಕೇರಿನ. ಹಳೇ ಫಿಲಂ ದುರಸ್ತಿ ಮಾಡೂದ ನನ್ನ ಕೆಲಸ,” ಎಂದಳು. ಫ್ರಾನ್ಸಿನವರು ಈ ಚಿತ್ರವನ್ನು ಈಗ ಹುಡುಕುತ್ತಿದ್ದಾರಂತೆ. ಅಲ್ಲಿ ಮೊದಲ ಭಾಗ ಮಾತ್ರ ಸಿಕ್ಕಿದೆ. ನಡುವಿನದೂ ಕೊನೆಯದೂ ಜಗತ್ತಿನಲ್ಲಿ ಎಲ್ಲೂ ಇಲ್ಲ. ಹಳೆಯ ಚಿತ್ರ ಬಳಗದವರನ್ನು ಒಬ್ಬೊಬ್ಬರನ್ನಾಗಿ ಕೇಳುತ್ತ ಹೋದಾಗ ಗೋಕಾಕದ ಹೆಸರು ಹತ್ತಿತು. “ನಿಮ್ಮ ಯಜಮಾನ್ರು ಉಳಿಸಿದ್ದಕ್ಕ ಉಳದೈತ್ರಿ ಆಯಿ. ಪಡದೆ ಮ್ಯಾಲೆ ಅವರ ಹೆಸರ ಬರತೈತಿ,” ಎಂದಳು. ದಾಕ್ಷಾಯಿಣಿಯ ಕಣ್ಣು ತುಂಬಿತು. ಹನ್ನೊಂದು ವರ್ಷ ಕಾದದ್ದು ಈ ಮಾತಿಗಾಗಿಯೇ ಎನ್ನಿಸಿತು. ಒಳಗೆ ಕರೆದುಕೊಂಡು ಹೋಗಿ, ದೇವರ ಕೋಣೆಯ ಪೆಟ್ಟಿಗೆಯಿಂದ, ಅಣ್ಣಪ್ಪನ ರೇಷ್ಮೆ ಶಲ್ಯದಲ್ಲಿ ಸುತ್ತಿದ ಎರಡು ಡಬ್ಬಿಗಳನ್ನು ಎತ್ತಿ ಚಾಪೆಯ ಮೇಲಿಟ್ಟಳು. ಗಾಳಿ ಧೂಳು ಹೊಗದ ಹಾಗೆ ಅವಳು ಅಂಚಿನ ಸುತ್ತ ಪಟ್ಟಿ ಅಂಟಿಸಿ, ಮೇಲೆ ಪ್ಲಾಸ್ಟಿಕ್ಕು ಸುತ್ತಿ ಬಿಗಿದಿದ್ದಳು. ಇನ್ನೊಂದು ಎಲ್ಲಿ ಎಂದು ಹುಡುಗಿ ಕೇಳುವ ಮೊದಲೇ “ಮೂರನೇದು ಮೂಡಲಗ್ಯಾಗ ಐತಿ. ಆಮ್ಯಾಲೆ ಹೋಗೂಣು,” ಎಂದಳು.

ಪಟ್ಟಿ ಕಿತ್ತು ಮುಚ್ಚಳ ತೆಗೆದ ಕೂಡಲೆ ಹುಳಿ ವಾಸನೆ ಕೋಣೆ ತುಂಬಿತು. ಆ ವಾಸನೆ ದಾಕ್ಷಾಯಿಣಿಗೆ ಹೊಸದಲ್ಲ. ವರ್ಷ ವರ್ಷಕ್ಕೂ ಹೆಚ್ಚಾಗುತ್ತಿದ್ದ ಅದನ್ನು ಪರದೇಶದ ಸಾಮಾನಿನ ವಾಸನೆ ಎಂದುಕೊಂಡು ಕರ್ಪೂರ ಹಾಕಿ, ಪಟ್ಟಿಯನ್ನು ಇನ್ನಷ್ಟು ಬಿಗಿ ಮಾಡಿದ್ದಳು. ನಂದಿನಿ ಮೂಗಿಗೆ ಬಟ್ಟೆ ಕಟ್ಟಿ, ಕೈಗವಸು ಹಾಕಿಕೊಂಡು ಬಗ್ಗಿ ನೋಡಿದಳು. ಸುರುಳಿ ಸುರುಳಿಯಾಗಿ ಬಿಚ್ಚಬೇಕಾದದ್ದು ಬೆಲ್ಲದ ಪೆಂಟೆಯ ಹಾಗೆ ಒಂದೇ ಗಟ್ಟಿಯಾಗಿ ಕೂತಿತ್ತು. ಅಂಚಿನ ಮೇಲೆ ಬಿಳಿ ಬಿಳಿ ಪದರ, ಅದರ ನಡುವೆ ಕೆಂಪು ಕಲೆ. ಹುಡುಗಿ ಬೆರಳಿನಿಂದ ಮೆಲ್ಲಗೆ ಮುಟ್ಟಿದಳು, ಚೂರು ಮುರಿದು ಬಂತು. “ನೀರ ತಾಗಿತ್ತೇನ್ರಿ ಇದಕ್ಕ?” ಎಂದು ಕೇಳಿದಳು. “ಪೂಜಾ ಮಾಡತಿದ್ನಿ,” ಎಂದಳು ದಾಕ್ಷಾಯಿಣಿ. ಖಂಡೇ ನವಮಿಗೆ ಅಣ್ಣಪ್ಪ ಅಂಗಡಿಯ ಗಜ, ಕತ್ತರಿ, ಸಿನಿಮಾ ತೋರಿಸುವ ಯಂತ್ರ ಎಲ್ಲವನ್ನೂ ಸಾಲಾಗಿಟ್ಟು ವಿಭೂತಿ ಹಚ್ಚುತ್ತಿದ್ದ. ಅವನು ಹೋದ ಮೇಲೆ ಅಂಗಡಿ ಪರರ ಪಾಲಾಯಿತು, ಯಂತ್ರ ಮೂಡಲಗಿಗೆ ಹೋಯಿತು. ಉಳಿದದ್ದು ಈ ಎರಡು ಡಬ್ಬಿ. ಪ್ರತಿ ನವಮಿಗೆ ಮಿಂದು, ಮಡಿಯುಟ್ಟು, ಮುಚ್ಚಳ ತೆಗೆದು, ವಿಭೂತಿಯನ್ನು ನೀರಿನಲ್ಲಿ ಕಲಸಿ, ಒದ್ದೆ ಬೆರಳಿನಿಂದ ರೀಲಿನ ಮೇಲೆ ಮೂರೆಳೆ ಎಳೆದು, ಕುಂಕುಮವಿಟ್ಟು, ಹೂವು ಇಟ್ಟು ಮತ್ತೆ ಮುಚ್ಚುತ್ತಿದ್ದಳು. ಡಬ್ಬಿಯ ಮೇಲೆ ಹಚ್ಚಿದರೆ ತಗಡಿಗೆ ಹಚ್ಚಿದ ಹಾಗಾಗುತ್ತದೆ, ಅವನು ಪ್ರೀತಿಸಿದ್ದು ಒಳಗಿನದನ್ನು ಎಂದು ಅವಳ ಲೆಕ್ಕ. ಹುಡುಗಿ ಎರಡನೆಯ ಡಬ್ಬಿಯನ್ನೂ ತೆಗೆದಳು. ಅದು ಇನ್ನೂ ಕೆಟ್ಟದಾಗಿತ್ತು. ಯಾಕೆಂದು ದಾಕ್ಷಾಯಿಣಿಗೆ ಗೊತ್ತಿತ್ತು. ಪೆಟ್ಟಿಗೆಯಲ್ಲಿ ಮೇಲಿದ್ದದ್ದು ಅದೇ, ಹೂವು ಹೆಚ್ಚಾಗಿ ಬಿದ್ದದ್ದು ಅದಕ್ಕೇ.

“ಮೊದಲನೇದು ಪ್ಯಾರಿಸ್ಸಿನಾಗ ಐತ್ರಿ, ಅದರ ಚಿಂತಿಲ್ಲ,” ಎಂದಳು ನಂದಿನಿ. “ಎರಡನೇದು?” ಎಂದು ದಾಕ್ಷಾಯಿಣಿ ಕೇಳಿದರೆ ಹುಡುಗಿ ತಲೆ ಬಗ್ಗಿಸಿ ಕೈಗವಸು ತೆಗೆದಳು. “ನಿಮ್ಮ ತಪ್ಪಲ್ರಿ ಆಯಿ,” ಎಂದಳು. ಯಾರೂ ಇನ್ನೂ ತಪ್ಪಿನ ಮಾತೆತ್ತಿರಲಿಲ್ಲ. ಬೈದಿದ್ದರೆ ಎದುರು ಮಾತಾಡಬಹುದಿತ್ತು. ಮೊಮ್ಮಗಳ ವಯಸ್ಸಿನವಳು ಕರುಣೆಯಿಂದ ಮಾತಾಡಿದರೆ ಎಲ್ಲಿ ಮುಖ ಮುಚ್ಚಿಕೊಳ್ಳುವುದು? ಹೊರಡುವ ಮೊದಲು ಮುಖ ತೊಳೆಯುತ್ತೇನೆಂದು ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟು, ಸದ್ದು ಕೇಳದ ಹಾಗೆ ಅತ್ತಳು.

ಮೂಡಲಗಿಯ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಒಂದರ ಹಿಂದೆ ಒಂದು ಅಡ್ಡಾದವು. ನಂದಿನಿ ಬೇಸರಪಡದೆ ಕಾರನ್ನು ಮೆಲ್ಲಗೆ ಬಿಡುತ್ತ, “ಆಯಿ, ನೀವು ಅದನ್ನ ನೋಡೀರೇನ್ರಿ? ನಡುವಿನ ಭಾಗದಾಗ ಏನಿತ್ತು ಅಂತ ನೆನಪೈತೇನ್ರಿ? ನೀವು ಹೇಳಿದ್ದನ್ನ ಬರಕೊಂಡ್ರ ಅಷ್ಟಾದ್ರೂ ಉಳಿತೈತಿ,” ಎಂದು ಕೇಳಿದಳು. ನೋಡಿದ್ದಳು. ಹುಕ್ಕೇರಿಯ ಸಾಲೆಯ ದೊಡ್ಡ ಕೋಣೆಯಲ್ಲಿ, ಒಂದು ಭಾನುವಾರ ಬೆಳಿಗ್ಗೆ, ಗಂಡ ಅಪರೂಪಕ್ಕೆ ನೀನೂ ಬಾ ಎಂದು ಕರೆದಿದ್ದ. ಅದಕ್ಕೆ ಕತ್ತಲೆ ಮಾಡಲು ಬೀರಸಿದ್ದಪ್ಪ ತನ್ನ ಮನೆಯ, ಬೀಗರ ಮನೆಯ ಕರಿ ಕಂಬಳಿಗಳನ್ನೆಲ್ಲ ತಂದು ಕಿಟಕಿಗಳಿಗೆ ಹೊಡೆದಿದ್ದ. ಕುರಿಯ ವಾಸನೆಯ ಆ ಕತ್ತಲೆಯಲ್ಲಿ ಫ್ರಾನ್ಸಿನ ಮಳೆ ಸುರಿಯುತ್ತಿತ್ತು. ಮಾಸ್ತರರು ಒಬ್ಬೊಬ್ಬರಾಗಿ ಎದ್ದು ಹೋದರು. ಒಬ್ಬರು ಹೋಗುವಾಗ “ಅಣ್ಣಪ್ಪನವರ, ಇದರಾಗ ಏನೂ ಆಗವಲ್ದು,” ಎಂದು ನಕ್ಕರು, ಅಣ್ಣಪ್ಪನೂ ನಗು ತಂದುಕೊಂಡ. ಆ ನಗು ಕಂಡ ಮೇಲೆ ಅವಳು ಪರದೆ ನೋಡಲಿಲ್ಲ. ಕೊನೆಯವರೆಗೆ ನೋಡಿದ್ದು ಪಕ್ಕದಲ್ಲಿದ್ದ ಗಂಡನ ಮುಖವನ್ನು. ಬೆಳಕು ಅದರ ಮೇಲೆ ಏರಿಳಿಯುತ್ತಿತ್ತು. ಒಂದು ಗಳಿಗೆಯಲ್ಲಿ ಅವನ ಗಲ್ಲ ಒದ್ದೆಯಾಯಿತು. ತನ್ನ ಅಪ್ಪ ಸತ್ತಾಗ ಅಳದ ಗಂಡಸು, ಮಗು ಹೊಟ್ಟೆಯಲ್ಲೇ ಹೋದಾಗ ಅಂಗಡಿಗೆ ಹೋಗಿ ಕೂತ ಗಂಡಸು, ಯಾರಿಗಾಗಿ ಅತ್ತ ಎಂದು ಪರದೆಯ ಕಡೆ ತಿರುಗಿ ನೋಡುವ ಧೈರ್ಯ ಅವಳಿಗೆ ಬರಲಿಲ್ಲ. ಬಸ್ಸಿನಲ್ಲಿ ಅವನೇ ಹೇಳಿದ, “ಇಸ್ತ್ರಿ ಮಾಡಿದ್ದು ನೋಡಿದೆಲಾ?” ಹೂಂ ಎಂದಿದ್ದಳು.

“ನಾ ಪಿಚ್ಚರ್ ನೋಡಲಿಲ್ಲವ್ವಾ,” ಎಂದಳು ದಾಕ್ಷಾಯಿಣಿ. “ಅಲ್ಲೇ ಇದ್ನಿ. ನೋಡಲಿಲ್ಲ.” ಕಾರು ಮಸಗುಪ್ಪಿ ದಾಟಿತು. ನಡುವಿನ ರೀಲಿನಲ್ಲಿ ಒಬ್ಬ ಮನುಷ್ಯ ತೊಯ್ಯುತ್ತ ಇಡೀ ಬಂದರು ಸುತ್ತುತ್ತಾನೆ, ಏನೂ ಆಗುವುದಿಲ್ಲ, ಅದೇ ಅದರ ಜೀವ ಎಂದು ಅಣ್ಣಪ್ಪ ಹೇಳುತ್ತಿದ್ದದ್ದು ನೆನಪಾಯಿತು. ಅದನ್ನಾದರೂ ಹೇಳಬೇಕೆಂದು ಬಾಯಿ ತೆರೆದಳು. ಕಣ್ಣ ಮುಂದೆ ಒಂದು ಚಿತ್ರವೂ ಬರಲಿಲ್ಲ. ದೂರದ ದೇಶದ ಒಬ್ಬನ ಕೈಗೆಲಸ ತನ್ನ ಮನೆಯ ದೇವರ ಕೋಣೆಯಲ್ಲಿ, ತನ್ನ ಬೆರಳಿನ ನೀರಿನಲ್ಲಿ ಕರಗಿತು, ಇನ್ನು ಅದು ಯಾರಿಗೂ ಇಲ್ಲ ಎಂಬುದು ಆಗ ಪೂರಾ ತಿಳಿಯಿತು. ಅಣ್ಣಪ್ಪ ಎರಡನೆಯ ಸಲ ಸತ್ತ ಹಾಗಾಯಿತು, ಈ ಸಲ ಕೊಂದವಳು ತಾನು.

ಬೀರಸಿದ್ದಪ್ಪನದು ಮೋಟಾರಿಗೆ ತಂತಿ ಸುತ್ತುವ ಅಂಗಡಿ. ತೆರೆದ ಮುಂಭಾಗ, ಮೇಲೆ ತಗಡು, ಎತ್ತಲಿಂದಲೂ ಗಾಳಿ. ಮುದುಕನಾಗಿದ್ದ. “ಅಕ್ಕಾರ, ಬರ್ರಿ, ಬರ್ರಿ,” ಎಂದು ಓಡಿ ಬಂದು ಕುರ್ಚಿ ಒರೆಸಿದ. ಡಬ್ಬಿಯ ಮಾತೆತ್ತಿದ ಕೂಡಲೆ ಗೋಡೆಯ ಕಡೆ ಕೈ ಮಾಡಿದ. ಅಲ್ಲಿ, ಒಂದು ಮೊಳೆಗೆ, ಮುಚ್ಚಳವಿಲ್ಲದ ರೀಲು ಹಾಗೇ ತೂಗುತ್ತಿತ್ತು. ಮೇಲೆ ಧೂಳು, ಒಂದು ಕಡೆ ಜೇಡರ ಬಲೆ. ನಂದಿನಿ ಅದನ್ನು ಇಳಿಸಿ, ಅಂಚು ಹಿಡಿದು ಮೆಲ್ಲಗೆ ಎಳೆದಳು. ಸುರುಳಿ ಸರಾಗ ಬಿಚ್ಚಿಕೊಂಡಿತು. ಮೂಗಿನ ಹತ್ತಿರ ಹಿಡಿದಳು, ಇನ್ನಷ್ಟು ಎಳೆದಳು, ಬೆಳಕಿಗೆ ಹಿಡಿದಳು. “ಇದು ಚೊಲೋ ಐತ್ರಿ!” ಎಂದು ಕೂಗಿಯೇ ಬಿಟ್ಟಳು. “ಧೂಳ ತೊಳಿಬಹುದು. ಆದ್ರ ಇದ ಹ್ಯಾಂಗ ಉಳೀತ್ರಿ?” ಆಮೇಲೆ ತನಗೆ ತಾನೇ ಹೇಳಿಕೊಳ್ಳುವ ಹಾಗೆ, “ಗಾಳಿರಿ. ಈ ಫಿಲಂ ತಾನ ಹುಳಿ ಬಿಡತೈತಿ. ಆ ಹುಳಿ ಹೊರಗ ಹೋಗಾಕ ದಾರಿ ಬೇಕು. ಬಿಗದ ಮುಚ್ಚಿದ್ರ ತನ್ನ ಹುಳ್ಯಾಗ ತಾನ ಬೇಯತೈತಿ,” ಎಂದಳು. ಹೇಳಿದ ಮೇಲೆ ದಾಕ್ಷಾಯಿಣಿಯ ಮುಖ ನೋಡಿ, ಎಳೆದ ಸುರುಳಿಯನ್ನು ಮತ್ತೆ ಸುತ್ತತೊಡಗಿದಳು.

ಬೀರಸಿದ್ದಪ್ಪನಿಗೆ ಮಾತ್ರ ಹಿಗ್ಗು. “ಸಾಹುಕಾರ್ರು ಸಾಯೂ ಮುಂದ ಇದನ್ನ ನನಗ ಕೊಡ್ರಿ ಅಂದಿದ್ರಂತ್ರಿ. ಮೂರರಾಗ ಇದ ಚಂದಂದು. ನನಗ, ಒಬ್ಬ ಮಷಿನ್ ತಿರವಾಂವಗ! ಅದಕ್ಕ ಒಳಗ ಇಟ್ಟಿಲ್ಲ ನಾ, ದಿನಾ ಕಣ್ಣಿಗಿ ಬೀಳಲಿ ಅಂತ ಇಲ್ಲೇ ಹಾಕೇನಿ. ಹೌದಲ್ರಿ ಅಕ್ಕಾರ?” ಗಂಡನ ಕಾರ್ಯ ಮುಗಿದ ಮಾರನೆಯ ದಿನ ಮಾತಾಡಿಸಲು ಬಂದವನ ಕೈಗೆ ದಾಕ್ಷಾಯಿಣಿ ಯಂತ್ರದ ಜೊತೆ ಇದನ್ನೂ ತುರುಕಿ, ಅವರೇ ಹೇಳಿದ್ದರು ಎಂದು ಬಾಯಿಗೆ ಬಂದದ್ದು ಹೇಳಿದ್ದಳು. ಅಣ್ಣಪ್ಪ ಸಾಯುವಾಗ ಯಾರ ಹೆಸರನ್ನೂ ಹೇಳಿರಲಿಲ್ಲ, ಅವಳದ್ದನ್ನೂ. ಆ ಹೆಂಗಸಿನ ಜೊತೆ ಇನ್ನೊಂದು ದಿನ ಒಂದೇ ಮಾಡಿನ ಕೆಳಗೆ ಇರಲಾರೆ ಎನ್ನಿಸಿತ್ತು, ಅಷ್ಟೇ. ಬೀರಸಿದ್ದಪ್ಪ ಅಂದು ಡಬ್ಬಿಯನ್ನು ಕಣ್ಣಿಗೊತ್ತಿಕೊಂಡಿದ್ದ. ಈಗ ಅವನು ಉತ್ತರಕ್ಕಾಗಿ ಕಾಯುತ್ತಿದ್ದ, ನಂದಿನಿಯೂ ಕಾಯುತ್ತಿದ್ದಳು. “ಹೌದು,” ಎಂದಳು ದಾಕ್ಷಾಯಿಣಿ. “ನಿನಗ ಕೊಡಂದಿದ್ರು.” ತಾನು ಜತನ ಮಾಡಿದ್ದು ಸತ್ತಿತು, ಹೊರಗೆ ನೂಕಿದ್ದು ಬದುಕಿತು. ಇದನ್ನು ಯಾವ ದೇವರ ಮುಂದೆ ಹೇಳಿಕೊಳ್ಳುವುದು ಎಂದು ಅವಳಿಗೆ ತಿಳಿಯಲಿಲ್ಲ.

ನಂದಿನಿ ಚೀಲದಿಂದ ಸಣ್ಣ ಭೂತಗನ್ನಡಿಯೊಂದನ್ನು ತೆಗೆದು, ಫಿಲಮ್ಮಿನ ಕೊನೆಯ ಸುರುಳಿಗಳನ್ನು ಬಿಚ್ಚಿ, ಬಿಸಿಲಿಗೆ ಅಡ್ಡವಾಗಿ ಹಿಡಿದು, “ಬರ್ರಿ ಆಯಿ, ನೋಡ್ರಿ. ಇಲ್ಲೊಬ್ಬಾಕಿ ಹೆಂಗಸ ಅದಾಳ,” ಎಂದಳು. ಬೇಡ ಎನ್ನಬೇಕೆಂದಿದ್ದಳು. ಕಾಲು ತಾನೇ ಎದ್ದು ನಡೆಯಿತು. ಒಂದು ಕಣ್ಣು ಮುಚ್ಚಿ ಗಾಜಿಗೆ ಕಣ್ಣಿಟ್ಟರೆ ಮೊದಲು ಬರೀ ಬೆಳಕು. ಆಮೇಲೆ ಉಗುರಿನಷ್ಟು ಕೋಣೆ, ಒಂದು ಮೇಜು, ಮೇಜಿಗೆ ಬಾಗಿದ ಹೆಂಗಸು. ಚೆಲುವೆಯಲ್ಲ. ನಲವತ್ತು ದಾಟಿದವಳು, ಕೂದಲನ್ನು ಹೇಗೋ ಎತ್ತಿ ಕಟ್ಟಿದ್ದಾಳೆ, ಕತ್ತಿನ ಹತ್ತಿರ ಬೆವರಿಗೆ ಅಂಟಿಕೊಂಡಿದೆ, ತೋಳು ದಪ್ಪ, ಗೆಣ್ಣು ಊದಿದ ಕೈ. ನೀರು ಹೊತ್ತ, ಅರಿವೆ ಒಗೆದ ಕೈ. ಇಂಥ ಹೆಂಗಸರು ಗೋಕಾಕದ ಓಣಿ ಓಣಿಯಲ್ಲಿ ಇದ್ದಾರೆ. ದಾಕ್ಷಾಯಿಣಿ ಕಣ್ಣು ತೆಗೆದಳು, ಮತ್ತೆ ಇಟ್ಟಳು. ಚೆಲುವೆಯಾಗಿದ್ದರೆ ಕ್ಷಮಿಸಬಹುದಿತ್ತು. ಚೆಲುವಿಗೆ ಸೋತದ್ದು ಎಂದುಕೊಂಡೇ ಇಷ್ಟು ವರ್ಷ ಎದೆಯ ಉರಿಗೆ ಬೂದಿ ಮುಚ್ಚಿಕೊಂಡಿದ್ದಳು. ಇಷ್ಟು ಸಾದಾ ಹೆಂಗಸಿನ ಕೈ ಕಾಲರಿನ ಮೇಲೆ ಒಂದು ಗಳಿಗೆ ನಿಂತದ್ದನ್ನು ಕಾಣಬಲ್ಲ, ಕಂಡು ಅಳಬಲ್ಲ ಕಣ್ಣು ಅವನಿಗಿತ್ತು. ಇತ್ತು, ಮತ್ತು ಅದು ಮನೆಯಲ್ಲಿ ಒಂದು ದಿನವೂ ತೆರೆಯಲಿಲ್ಲ. ಅತ್ತದ್ದು ಇವಳಿಗೋ, ಇವಳ ನೆವದಲ್ಲಿ ಇನ್ನಾರಿಗೋ ಎಂದು ಕೇಳೋಣವೆಂದರೆ ಹೇಳುವವನು ಇಲ್ಲ.

“ಏನ ಕಾಣತೈತ್ರಿ ಅಕ್ಕಾರ?” ಎಂದು ಬೀರಸಿದ್ದಪ್ಪ ಪಕ್ಕದಲ್ಲಿ ಬಂದು ನಿಂತು ಕೇಳಿದ.

“ಒಬ್ಬಾಕಿ ಅಂಗಿ ಇಸ್ತ್ರಿ ಮಾಡಾಕತ್ತಾಳ,” ಎಂದಳು. “ಬಾಜೂಕ ಗಂಡಸ ನಿಂತಾನ. ಅಂವ ಕಿಡಕಿ ಹೊರಗ ನೋಡಾಕತ್ತಾನ.”

ಬಿಸಿಲು ಸರಿಯುತ್ತಿತ್ತು, ನಂದಿನಿಯ ಕೈ ಸೋತಿತ್ತು. “ಸುತ್ತಿ ಇಡತೇನ್ರಿ ಆಯಿ, ಹೊಂಡೂಣು,” ಎಂದಳು.

“ತಡಿಯವಾ,” ಎಂದಳು ದಾಕ್ಷಾಯಿಣಿ, ಗಾಜಿನಿಂದ ಕಣ್ಣು ತೆಗೆಯದೆ. “ಅಕಿನ್ನ ಯಾರೂ ನೋಡವಲ್ರು. ಇನ್ನೊಂದೀಟ ನೋಡತೇನಿ.”